ಪೆಟ್ಟಿಗೆಯ ಶ್ರುತಿ

ನುಸಿಗುಳಿಗೆ, ಹಳೇ ಚರ್ಮ, ಒಂಚೂರು ಊದುಬತ್ತಿಯ ಬೂದಿ. ಆ ಹಾರ್ಮೋನಿಯಂ ಪೆಟ್ಟಿಗೆಯ ಮುಚ್ಚಳ ತೆಗೆದರೆ ಬರುವ ವಾಸನೆ ಇದು. ಹೋದ ಭಾನುವಾರ ಸಾಗರದಲ್ಲಿ ನಮ್ಮ ಎದುರುಮನೆಯ ಜಗುಲಿಯ ಮೇಲೆ ಆ ಮುಚ್ಚಳ ತೆಗೆದರು. ವಾಸನೆ ಮೂಗಿಗೆ ಬಡಿಯಿತು, ಅದರ ಹಿಂದೆಯೇ ಸಿಟ್ಟೂ ಬಂತು. ಹಳೇ ವಾಸನೆ ಬಂದರೆ ಕೆಲವರಿಗೆ ಕಣ್ಣು ತುಂಬಿ ಬರುತ್ತದಂತೆ. ನನಗೆ ಹಲ್ಲು ಕಡಿಯುವಂತಾಗುತ್ತದೆ.

ಆ ಪೆಟ್ಟಿಗೆಯ ಎದುರು ಕೂತು ನಾವು ನಾಲ್ಕು ಜನ ಒಂದು ಆಲ್ಬಂ ಮಾಡಿದ್ದೆವು. ಒಂಬತ್ತು ಹಾಡಿನ ಆಲ್ಬಂ. ಹಾಡು ಬರೆದವಳು, ಹಾಡಿದವಳು, ಹನ್ನೆರಡು ತಂತಿಯ ಗಿಟಾರು ಹಿಡಿದವಳು ಎದುರುಮನೆ ಅಕ್ಕ. ಅವಳು ತೀರಿಕೊಂಡು ಮೂರು ವರ್ಷವಾಗುತ್ತ ಬಂತು. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಎಂದು ಅಮ್ಮ ಹೇಳುತ್ತಾಳೆ. ನಾನು ಇಟ್ಟುಕೊಂಡಿದ್ದೇನೆ. ಬದುಕಿದ್ದಾಗ ಜಗಳ ಆಡಿ ಮುಗಿಸೋಣ ಎಂದರೆ ಅವಳು ಅದಕ್ಕೂ ಅವಕಾಶ ಕೊಡಲಿಲ್ಲ.

ಅಕ್ಕ ಎಂದರೆ ರಕ್ತಸಂಬಂಧವೇನೂ ಅಲ್ಲ. ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದು ಆಟೋ ಹೋಗುವಷ್ಟು ಅಗಲದ ರಸ್ತೆ. ಅವಳ ತಂದೆಯನ್ನು ಅವಳು ಅಪ್ಪಯ್ಯ ಎನ್ನುತ್ತಿದ್ದಳು, ಹಾಗಾಗಿ ಇಡೀ ಬೀದಿಗೆ ಅವರು ಅಪ್ಪಯ್ಯ. ಬೀದಿಯ ಕೊನೆಯ ಭಜನಾ ಮಂದಿರದಲ್ಲಿ ಶನಿವಾರದ ಭಜನೆಗೆ ಪೆಟ್ಟಿಗೆ ನುಡಿಸುವವರು ಅವರೇ. ಹಾರ್ಮೋನಿಯಂ ಎಂದು ಅಲ್ಲಿ ಯಾರೂ ಕರೆಯುತ್ತಿರಲಿಲ್ಲ, ಪೆಟ್ಟಿಗೆ ಎಂದೇ ಅನ್ನುವುದು. ಅಪ್ಪಯ್ಯನದ್ದು ಒಂದು ಪದ್ಧತಿ ಇತ್ತು. ಯಾರೇ ಹಾಡಲಿ, ಎಷ್ಟೇ ದೊಡ್ಡವರು ಬರಲಿ, ಆ ಮಂದಿರದಲ್ಲಿ ಷಡ್ಜ, ಅಂದರೆ ಹಾಡಿಗೆ ಆಧಾರವಾದ ‘ಸ’, ಒಂದೇ. ದಪ್ಪ ಗಂಟಲಿನ ಗಂಡಸರೂ ಅದಕ್ಕೇ ಏರಬೇಕು, ಕೀಚಲು ದನಿಯ ಹೆಂಗಸರೂ ಅದಕ್ಕೇ ಇಳಿಯಬೇಕು. ಒಮ್ಮೆ ಹೊರಗಿನಿಂದ ಬಂದ ಗಾಯಕರೊಬ್ಬರು ಸ್ವಲ್ಪ ತಗ್ಗಿಸಿ ಕೊಡಿ ಎಂದು ಕೇಳಿದ್ದಕ್ಕೆ ಅಪ್ಪಯ್ಯ ನಗುತ್ತ ಪೆಟ್ಟಿಗೆಯ ಅದೇ ಮನೆಯನ್ನು, ಅಂದರೆ ಅದೇ ಕೀಯನ್ನು, ಬೆರಳಲ್ಲಿ ಒತ್ತಿ ಹಿಡಿದುಕೊಂಡು ಕೂತಿದ್ದರು. ಪಾಪ, ಆ ಮನುಷ್ಯ ಕೊನೆಗೆ ಅದಕ್ಕೇ ಹಾಡಿದರು. ಚೆನ್ನಾಗಿಯೇ ಹಾಡಿದರು.

ಅಕ್ಕ ಬೆಳೆದದ್ದು ಆ ಪೆಟ್ಟಿಗೆಯ ಪಕ್ಕ. ಅವಳ ತಲೆಯಲ್ಲಿ ಆ ಷಡ್ಜ ಮೊಳೆ ಹೊಡೆದ ಹಾಗೆ ಕೂತಿತ್ತು. ಕಾಲೇಜು ಮುಗಿಸಿ ಶಿವಮೊಗ್ಗದಲ್ಲಿ ಒಂದು ವರ್ಷ ಕೆಲಸ ಮಾಡಿ, ವಾಪಸ್ ಬರುವಾಗ ಹನ್ನೆರಡು ತಂತಿಯ ಗಿಟಾರು ಹೊತ್ತುಕೊಂಡು ಬಂದಳು. ಬಸ್ಸಿನಲ್ಲಿ ಕಂಡಕ್ಟರ್ ಅದನ್ನು ಡಿಕ್ಕಿಗೆ ಹಾಕಿ ಎಂದದ್ದಕ್ಕೆ ದೊಡ್ಡ ಜಗಳ ಮಾಡಿ, ಅದಕ್ಕೂ ಒಂದು ಟಿಕೆಟ್ ಹರಿಸಿ, ಕಿಟಕಿ ಪಕ್ಕ ಕೂರಿಸಿಕೊಂಡು ತಂದಿದ್ದಳಂತೆ. ಹಾಗೆ ಜಗಳ ಆಡಬಲ್ಲವಳು ಅವಳು. ಈ ಮಾತನ್ನು ಯಾಕೆ ಹೇಳುತ್ತಿದ್ದೇನೆ ಎಂದರೆ, ಆಡಲೇಬೇಕಾಗಿದ್ದ ಒಂದೇ ಒಂದು ಜಗಳವನ್ನು ಅವಳು ಆಡಲಿಲ್ಲ.

ಬ್ಯಾಂಡ್ ಆದದ್ದು ಆಮೇಲೆ. ನಾನು ಆಗ ಡಿಗ್ರಿ ಕೊನೆಯ ವರ್ಷ. ನನ್ನ ಕೈಗೆ ಬೇಸ್ ಗಿಟಾರು ಕೊಟ್ಟವಳು ಅವಳೇ, ನಾಲ್ಕೇ ತಂತಿ, ನಿನ್ನಂಥ ಸೋಮಾರಿಗೆ ಇದೇ ಸರಿ ಎಂದು. ಡ್ರಮ್ ಬಾರಿಸಲು ಹೊಸನಗರದಿಂದ ಒಬ್ಬ ಬರುತ್ತಿದ್ದ, ಇನ್ನೊಂದು ಗಿಟಾರಿಗೆ ತೀರ್ಥಹಳ್ಳಿಯವನೊಬ್ಬ. ಮೂರು ಊರಿನವರು ಸೇರಿದ್ದರಿಂದ ಹೆಸರು ಮೂರೂರು ಎಂದಾಯಿತು. ಬಸ್ಸಿನ ಬೋರ್ಡಿನಂತಿದೆ ಎಂದು ಎಲ್ಲರೂ ನಕ್ಕರು. ಹಾಡುಗಳೂ ಬಸ್ಸಿನವೇ. ಬೆಳಗಿನ ಬಸ್ಸು ತಪ್ಪಿದ್ದು, ಕೆಳದಿಗೆ ಹೊರಟ ಟ್ರಿಪ್ಪಿನಲ್ಲಿ ಹಿಂದಿನ ಸೀಟಿಗಾಗಿ ಆದ ಗಲಾಟೆ, ಸ್ಟಾಪಿನಲ್ಲಿ ದಿನಾ ನಿಲ್ಲುತ್ತಿದ್ದವನು ಒಂದು ದಿನ ಕಾಣದೆ ಹೋದದ್ದು… ಆಲ್ಬಂಗೆ ‘ಕೊನೇ ಸೀಟು’ ಎಂದು ಹೆಸರಿಟ್ಟೆವು.

ಅಭ್ಯಾಸ ಮಾಡುತ್ತಿದ್ದುದು ಭಜನಾ ಮಂದಿರದಲ್ಲಿ. ಅಪ್ಪಯ್ಯ ಕಮಿಟಿಯವರನ್ನು ಒಪ್ಪಿಸಿ ಕೀಲಿಕೈ ಕೊಡಿಸಿದ್ದರು. ಕೆಂಪು ಗಾರೆಯ ನೆಲ, ಮೇಲೆ ಹಲಗೆಯ ಮುಚ್ಚಿಗೆ, ಗೋಡೆ ತುಂಬ ದೇವರ ಪಟ. ಅಲ್ಲಿ ಹನ್ನೆರಡು ತಂತಿ ಮೀಟಿದರೆ ಸದ್ದು ಬೇಗ ಸಾಯುತ್ತಿರಲಿಲ್ಲ. ಕಿಣಿಕಿಣಿ ಎನ್ನುತ್ತ ಒಂದರ ಬಾಲ ಇನ್ನೊಂದು ಹಿಡಿದುಕೊಂಡು ಓಡುತ್ತಿತ್ತು. ಹೊಸನಗರದವನು ಒಮ್ಮೆ ತನ್ನೂರಿನಲ್ಲಿ ನೆಲಕ್ಕೆ ಕಾರ್ಪೆಟ್ ಹಾಸಿದ ಒಳ್ಳೆಯ ಕೋಣೆಯೊಂದನ್ನು ಹುಡುಕಿದ. ಅಲ್ಲಿ ಹೋಗಿ ಒಂದು ಹಾಡು ನುಡಿಸಿದೆವು. ಅಕ್ಕ ಗಿಟಾರನ್ನು ಚೀಲಕ್ಕೆ ತುರುಕಿ, ಹತ್ತಿ ತುಂಬಿದ ಕಿವಿಯಲ್ಲಿ ಕೇಳಿದ ಹಾಗಿದೆ ಎಂದು ಬೈದು, ಮುಂದಿನ ಬಸ್ಸಿಗೇ ನಮ್ಮನ್ನು ಎಳೆದುಕೊಂಡು ವಾಪಸ್ ಬಂದಳು.

ನುಡಿಸುವ ಮೊದಲು ಒಂದು ಕ್ರಮ ಇತ್ತು. ಅಕ್ಕ ಪೆಟ್ಟಿಗೆಯನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡು, ಗಾಳಿ ತುಂಬುವ ತಿದಿ ಒತ್ತಿ, ಷಡ್ಜ ಹಿಡಿಯುವಳು. ನಾವೆಲ್ಲ ಅದಕ್ಕೆ ತಂತಿ ಹೊಂದಿಸಿಕೊಳ್ಳಬೇಕು. ಆ ಪೆಟ್ಟಿಗೆಯೋ ಅಪ್ಪಯ್ಯನ ಅಪ್ಪನ ಕಾಲದ್ದು. ಮೊಬೈಲಿನಲ್ಲಿ ಶ್ರುತಿ ಅಳೆಯುವ ಟ್ಯೂನರಿನಲ್ಲಿ ನೋಡಿದರೆ ಮುಳ್ಳು ಒಂದು ಸ್ವರದ ಮೇಲೂ ನಿಲ್ಲದೆ, ಇನ್ನೊಂದರ ಮೇಲೂ ನಿಲ್ಲದೆ, ಎರಡರ ನಡುವೆ ನಿಂತುಬಿಡುತ್ತಿತ್ತು. ತೀರ್ಥಹಳ್ಳಿಯವನಿಗೆ ಅದೇ ಕಿರಿಕಿರಿ. ಇದು ಲೆಕ್ಕಕ್ಕಿಲ್ಲದ ಶ್ರುತಿ, ಬೇರೆ ಯಾರೂ ನಮ್ಮ ಜೊತೆ ನುಡಿಸುವ ಹಾಗಿಲ್ಲ ಎಂದು ಅವನು ಗೊಣಗಿದರೆ, ಬೇರೆಯವರು ಬಂದರೆ ಅವರೇ ಹೊಂದಿಸಿಕೊಳ್ಳಲಿ ಎಂದು ಅಕ್ಕ ಮುಗಿಸಿಬಿಡುತ್ತಿದ್ದಳು.

ಆರನೆಯ ಹಾಡಿಗೆ ಬಂದಾಗ ಅವನಿಗೆ ತಾಳ್ಮೆ ಕೆಟ್ಟಿತು. ಈ ಹಾಡಾದರೂ ಬೇರೆ ಥರ ಇರಲಿ, ಗಿಟಾರಿಗೆ ಒಂದಿಷ್ಟು ಗರಗರ ಸದ್ದು ಹಾಕೋಣ, ಶ್ರುತಿ ಏರಿಸೋಣ, ಕೇಳುವವರಿಗೆ ಬೇಜಾರು ಬರುತ್ತದೆ ಎಂದು ವಾದ ಮಾಡಿದ. ನನಗೂ ಹೊಸನಗರದವನಿಗೂ ಒಳಗೊಳಗೇ ಅದು ಸರಿ ಎನಿಸಿತ್ತು. ಅಕ್ಕ ತಂತಿ ಒರೆಸುತ್ತಿದ್ದ ಬಟ್ಟೆಯನ್ನು ಕೆಳಗಿಟ್ಟಳು.

“ಭಜನೆಲಿ ಹಾಡು ಬದ್ಲಾಗ್ತದೆ, ಶ್ರುತಿ ಬದ್ಲಾಗ್ತದನಾ?” ಎಂದಳು. “ಒಂದೇ ಶ್ರುತಿಲಿ ಇಷ್ಟೊಂದು ಥರ ಅಳಬಹುದು, ಇಷ್ಟೊಂದು ಥರ ನಗಬಹುದು ಅಂತ ಆ ಹೆಂಗಸ್ರು ವಾರವಾರ ಮಾಡಿ ತೋರಿಸ್ತಾರೆ. ನಮಗೆಂತ ಧಾಡಿ?”

ಆ ಹೆಂಗಸರು ಎಂದರೆ ಭಜನೆಯವರು. ಶನಿವಾರ ಭಜನೆ ಮುಗಿದು, ಚಾಪೆ ಸುತ್ತಿಟ್ಟ ಮೇಲೂ ಅವರಲ್ಲಿ ನಾಲ್ಕೈದು ಜನ ಮನೆಗೆ ಹೋಗದೆ ನಮ್ಮ ಹಾಡು ಕೇಳುತ್ತ ಕೂರುವರು. ಆಮೇಲೆ ಗುನುಗತೊಡಗಿದರು. ಆಮೇಲೆ ಅವರಿಲ್ಲದೆ ಹಾಡೇ ಇಲ್ಲ ಎಂಬಂತಾಯಿತು. ಕಿಟಕಿಗೆ ಕಂಬಳಿ ಕಟ್ಟಿ, ತೀರ್ಥಹಳ್ಳಿಯವನ ಲ್ಯಾಪ್‌ಟಾಪಿನಲ್ಲಿ ನಾವೇ ರೆಕಾರ್ಡ್ ಮಾಡಿದೆವು. ಒಂಬತ್ತೂ ಹಾಡು ಅದೇ ಕೋಣೆ, ಅದೇ ಗಿಟಾರು, ಅದೇ ಷಡ್ಜ. ಪೆಟ್ಟಿಗೆಯ ಸದ್ದು ಆಲ್ಬಂನಲ್ಲಿ ಎಲ್ಲೂ ಕೇಳುವುದಿಲ್ಲ, ಆದರೆ ಎಲ್ಲ ಸದ್ದೂ ಅದರ ಮೇಲೆಯೇ ಕೂತಿದೆ.

ಹಾಡುಗಳನ್ನು ನೆಟ್ಟಿಗೆ ಹಾಕಿದೆವು. ಊರಿನವರು ಕೇಳಿದರು. ಒಳ್ಳೆಯದಿದೆ, ಆದರೆ ಎಲ್ಲ ಒಂದೇ ಥರ ಕೇಳುತ್ತದಲ್ಲ ಎಂದರು. ಇದೇ ಮಾತು ಸಾಗರದಲ್ಲೂ, ಹೊಸನಗರದಲ್ಲೂ, ತೀರ್ಥಹಳ್ಳಿಯಲ್ಲೂ. ನನಗೆ ಆಗಲೇ ಪಿತ್ತ ನೆತ್ತಿಗೇರುತ್ತಿತ್ತು. ಬೆಳಿಗ್ಗೆ ಎದ್ದು ದಿನಾ ಅದೇ ದೋಸೆ ತಿನ್ನುವವರಿಗೆ, ಅದೇ ಧಾರಾವಾಹಿಯನ್ನು ವರ್ಷಗಟ್ಟಲೆ ನೋಡುವವರಿಗೆ ಹಾಡು ಮಾತ್ರ ನಿಮಿಷಕ್ಕೊಂದು ವೇಷ ಹಾಕಬೇಕಂತೆ. ಆಗ ಎಲ್ಲಿಯವನೋ ಗೊತ್ತಿಲ್ಲದ ಒಬ್ಬ ನೆಟ್ಟಿನಲ್ಲಿ ಇಂಗ್ಲಿಷಿನಲ್ಲಿ ನಮ್ಮ ಬಗ್ಗೆ ಬರೆದ. ಕನ್ನಡ ಒಂದಕ್ಷರ ತಿಳಿಯದು, ಆದರೆ ಮೊದಲ ಹಾಡಿನಿಂದ ಕೊನೆಯ ಹಾಡಿನವರೆಗೆ ಒಂದೇ ಬೆಳಕಿನಲ್ಲಿ ನಡೆದ ಹಾಗಿದೆ, ಆ ಒಂದೇತನವೇ ಈ ಆಲ್ಬಂನ ಬಲ ಎಂದು. ನಮ್ಮಂಥ, ತಂತಿ ಕಿಣಿಕಿಣಿಗುಟ್ಟುವ ಹಾಡುಗಳನ್ನು ಜ್ಯಾಂಗಲ್ ಪಾಪ್ ಎನ್ನುತ್ತಾರೆ ಎಂದು ನಮಗೆ ಗೊತ್ತಾದದ್ದೂ ಅವನಿಂದಲೇ. ಎಂತದೋ ಕಾಯಿಲೆಯ ಹೆಸರಿದ್ದ ಹಾಗಿದೆ ಎಂದು ಅಕ್ಕ ನಕ್ಕಳು. ಆದರೆ ಅವತ್ತಿಡೀ ಅವಳ ಮುಖ ಬೇರೆಯೇ ಇತ್ತು.

ಆ ಖುಷಿಯಲ್ಲೇ ಒಂದು ಕಾರ್ಯಕ್ರಮ ಮಾಡೋಣ ಎಂದಾಯಿತು. ತೀರ್ಥಹಳ್ಳಿಯಲ್ಲಿ ಒಂದು ಹಾಲ್ ಸಿಕ್ಕಿತು. ಭಜನೆಯ ಹೆಂಗಸರು ಬರುವಂತಿರಲಿಲ್ಲ, ಅದೇ ದಿನ ನಮ್ಮ ಬೀದಿಯಲ್ಲಿ ಮದುವೆ. ಅವರ ದನಿಯನ್ನು ಲ್ಯಾಪ್‌ಟಾಪಿನಿಂದ ಬಿಟ್ಟು, ಉಳಿದದ್ದನ್ನು ನಾವು ನುಡಿಸುವುದು ಎಂದು ತೀರ್ಮಾನಿಸಿದೆವು.

ಹೊರಡುವ ಬೆಳಿಗ್ಗೆ ಟೆಂಪೋಕ್ಕೆ ಸಾಮಾನು ಏರಿಸುತ್ತಿದ್ದಾಗ ಅಪ್ಪಯ್ಯ ಪೆಟ್ಟಿಗೆಯನ್ನು ತಾವೇ ಎತ್ತಿಕೊಂಡು ಬಂದರು. ಹೊಸ ಕೆಂಪು ಬಟ್ಟೆ ಹೊದಿಸಿದ್ದರು. ಬಿಚ್ಚಿ ತೋರಿಸಿದರು. ಮರಕ್ಕೆ ಪಾಲಿಶ್ ಹೊಡೆದು ಹೊಳೆಯುತ್ತಿತ್ತು. ಮಗಳ ಕಾರ್ಯಕ್ರಮ ಎಂದು ಆ ವಾರ ಗುಟ್ಟಾಗಿ ಶಿವಮೊಗ್ಗಕ್ಕೆ ಒಯ್ದು ಪೂರ್ತಿ ರಿಪೇರಿ ಮಾಡಿಸಿದ್ದರು. ತಿದಿಯ ತೂತು ಮುಚ್ಚಿಸಿ, ಮನೆಗಳನ್ನೆಲ್ಲ ಸರಿಮಾಡಿಸಿ. ಅಕ್ಕ ಪೆಟ್ಟಿಗೆಯ ಮೇಲೊಮ್ಮೆ ಕೈಯಾಡಿಸಿದಳು. ಅಪ್ಪಯ್ಯನ ಕಾಲು ಮುಟ್ಟಿ ಟೆಂಪೋ ಹತ್ತಿದಳು.

ತಂತಿಗಳನ್ನು ಪ್ರಯಾಣಕ್ಕೆ ಮೊದಲು ಸಡಿಲ ಮಾಡುವುದು ಅವಳ ರೂಢಿ, ಗಿಟಾರಿನ ಕತ್ತು ಬಾಗಬಾರದೆಂದು. ಹಾಲ್‌ಗೆ ಹೋಗಿ, ಪರದೆಯ ಹಿಂದೆ ಪೆಟ್ಟಿಗೆ ಕಣ್ಣಿಗೊತ್ತಿಕೊಂಡು ಷಡ್ಜ ಹಿಡಿದಳು. ನಾವೆಲ್ಲ ಹೊಂದಿಸಿಕೊಂಡೆವು. ತೀರ್ಥಹಳ್ಳಿಯವನು ಮೊಬೈಲ್ ತೆಗೆದು ನೋಡಿ, ಇವತ್ತು ಮುಳ್ಳು ನೆಟ್ಟಗೆ ನಿಂತಿದೆ, ಒಳ್ಳೆಯ ಶಕುನ ಎಂದ. ನಾವು ನಕ್ಕೆವು… ನಾಲ್ಕು ಜನ ಸಂಗೀತ ಮಾಡುವವರು ನಗುತ್ತ ನಿಂತಿದ್ದೆವು. ಪೆಟ್ಟಿಗೆ ಬದಲಾಗಬಹುದು ಎಂಬುದು ನಮ್ಮಲ್ಲಿ ಒಬ್ಬರ ತಲೆಗೂ ಹೊಳೆಯಲಿಲ್ಲ. ಸೂರ್ಯ ಎಲ್ಲಿ ಹುಟ್ಟಿದ ಎಂದು ದಿನಾ ಯಾರು ನೋಡುತ್ತಾರೆ?

ಮೊದಲ ಹಾಡಿಗೆ ಹೆಂಗಸರ ದನಿ ಇರಲಿಲ್ಲ, ಚಂದವಾಗಿ ಹೋಯಿತು. ಎರಡನೆಯದರಲ್ಲಿ ಲ್ಯಾಪ್‌ಟಾಪಿನಿಂದ ಆ ದನಿಗಳು ಬಂದವು. ಒಂದು ಕಡೆ ಹಳೇ ಪೆಟ್ಟಿಗೆಯ ಶ್ರುತಿಗೆ ಹಾಡಿದ ಹೆಂಗಸರು, ಇನ್ನೊಂದು ಕಡೆ ರಿಪೇರಿಯಾದ ಪೆಟ್ಟಿಗೆಗೆ ಹೊಂದಿಸಿಕೊಂಡ ನಾವು. ಅದನ್ನು ಕೇಳಿದವರಿಗೇ ಗೊತ್ತು. ಹಲ್ಲು ಜುಮ್ಮೆನ್ನುವ ಸದ್ದು. ಮುಂದೆ ಕೂತಿದ್ದ ಒಬ್ಬರು ಕಿವಿ ಮುಚ್ಚಿಕೊಂಡರು, ಹಿಂದಿನಿಂದ ನಗು ಬಂತು, ಮೂರ್ನಾಲ್ಕು ಮೊಬೈಲುಗಳು ಮೇಲೆದ್ದವು.

ಅಕ್ಕ ಕೈ ಎತ್ತಿ ನಿಲ್ಲಿಸಿದಳು. ಪೆಟ್ಟಿಗೆಯ ಕಡೆ ನೋಡಿದಳು. ಆಮೇಲೆ ಮುಂದಿನ ಸಾಲಿನಲ್ಲಿ ಇಸ್ತ್ರಿ ಮಾಡಿದ ಬಿಳೀ ಅಂಗಿ ಹಾಕಿಕೊಂಡು, ತೊಡೆಯ ಮೇಲೆ ತಾಳ ಹಾಕುತ್ತಿದ್ದ ಕೈಯನ್ನು ಹಾಗೇ ನಿಲ್ಲಿಸಿಕೊಂಡು ಕೂತಿದ್ದ ಅಪ್ಪಯ್ಯನ ಕಡೆ ನೋಡಿದಳು. ಅವಳಿಗೆ ಅಲ್ಲೇ, ಆಗಲೇ ಗೊತ್ತಾಗಿತ್ತು. ನನಗೂ ಅವಳ ಮುಖ ನೋಡಿ ಗೊತ್ತಾಯಿತು. ಒಂದು ಮಾತು ಸಾಕಿತ್ತು. ಪೆಟ್ಟಿಗೆ ರಿಪೇರಿಯಾಗಿ ಶ್ರುತಿ ಬದಲಾಗಿದೆ, ಹತ್ತು ನಿಮಿಷ ಕೊಡಿ, ಹೊಂದಿಸಿಕೊಂಡು ಬರುತ್ತೇವೆ ಎಂದಿದ್ದರೆ ಜನ ಚಪ್ಪಾಳೆ ತಟ್ಟಿ ಕಾಯುತ್ತಿದ್ದರು.

ಅವಳು ಮೈಕಿನ ಹತ್ತಿರ ಬಾಗಿ, “ತಪ್ಪು ನಂದೇ, ಶ್ರುತಿ ನೋಡ್ಕೊಳ್ಳಲಿಲ್ಲ,” ಎಂದಳು. ಗಿಟಾರು ಕೆಳಗಿಟ್ಟು ಪರದೆಯ ಹಿಂದೆ ಹೋದಳು. ವಾಪಸ್ ಬರಲಿಲ್ಲ.

ಅಪ್ಪಯ್ಯ ಬಂದದ್ದು ನೆಂಟರ ಕಾರಿನಲ್ಲಿ, ಹೋದದ್ದೂ ಅದರಲ್ಲೇ. ನಾವು ಟೆಂಪೋದಲ್ಲಿ. ದಾರಿಯಲ್ಲಿ ನಾನು ಕೂಗಾಡಿದೆ. ಯಾಕೆ ಹಾಗೆಂದೆ, ಯಾರದ್ದೋ ತಪ್ಪನ್ನು ಯಾಕೆ ತಲೆಗೆ ಹಾಕಿಕೊಂಡೆ ಎಂದು. ಅವಳು ಪೆಟ್ಟಿಗೆಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು.

“ಅಪ್ಪಯ್ಯಂಗೆ ಇದು ಗೊತ್ತಾಗಬಾರ್ದು. ಯಾರ ಬಾಯಿಂದ್ಲೂ,” ಎಂದಳು. “ನನ್ ಮೇಲೆ ಆಣೆ ಇಡಿ.”

ಇಟ್ಟೆವು. ಮೂವರೂ. ಇಡದೆ ಏನು ಮಾಡಬೇಕಿತ್ತು?

ಅಪ್ಪಯ್ಯ ಮಾಡಿದ್ದರಲ್ಲಿ ತಪ್ಪೂ ಇರಲಿಲ್ಲ. ಯಾವ ಶ್ರುತಿಯಾದರೇನು, ಎಲ್ಲರೂ ಪೆಟ್ಟಿಗೆಗೇ ತಾನೆ ಹೊಂದಿಸಿಕೊಳ್ಳುವುದು ಎಂದು ಅವರು ತಿಳಿದಿದ್ದರು. ಅವರ ಮಂದಿರದಲ್ಲಿ ಎಲ್ಲರೂ ಜೀವಂತ ಕೂತು ಹಾಡುವವರು. ಹಿಂದಿನ ತಿಂಗಳು ಹಾಡಿದ ದನಿಯನ್ನು ಈ ತಿಂಗಳ ಪೆಟ್ಟಿಗೆಯ ಜೊತೆ ಕೂರಿಸುತ್ತೇವೆ ಎಂದು ಅವರಿಗೆ ಹೇಗೆ ಗೊತ್ತಾಗಬೇಕು? ಇನ್ನು ವಾಪಸ್ ಮೊದಲಿನಂತೆ ಮಾಡಿಸೋಣ ಎಂದರೆ, ಒಳಗಿನ ಹಿತ್ತಾಳೆಯ ನಾಲಿಗೆಗಳನ್ನು ಅರದಲ್ಲಿ ಕೆರೆದು ಶ್ರುತಿ ಕೂರಿಸುವುದು. ಕೆರೆದುಹೋದ ಲೋಹ ಮತ್ತೆ ಬೆಳೆಯುವುದಿಲ್ಲ. ‘ಕೊನೇ ಸೀಟು’ ಯಾವ ಶ್ರುತಿಯ ಮೇಲೆ ನಿಂತಿತ್ತೋ ಅದು ಆ ಪೆಟ್ಟಿಗೆಯಿಂದ ಹೋಗಿಯೇಬಿಟ್ಟಿತ್ತು.

ಮಾರನೆಯ ದಿನವೇ ವೀಡಿಯೊ ಮೂರೂ ಊರಿನ ಗ್ರೂಪುಗಳಲ್ಲಿ ಓಡಾಡಿತು. ಶ್ರುತಿಯಿಲ್ಲದ ಬ್ಯಾಂಡ್ ಎಂದು ಹೆಸರಾಯಿತು. ಕೆಲವು ಬುದ್ಧಿವಂತರು ಆಲ್ಬಂ ಹಾಕಿಕೊಂಡು ಮೊಬೈಲಿನ ಟ್ಯೂನರ್ ಹಿಡಿದು, ಅದೂ ಶ್ರುತಿ ಬಿಟ್ಟಿದೆ, ಒಂಬತ್ತಕ್ಕೆ ಒಂಬತ್ತೂ ತಪ್ಪು ಎಂದು ಬರೆದರು. ಮೊದಲು ಎಲ್ಲ ಒಂದೇ ಥರ ಎಂದಿದ್ದವರು, ಈಗ ಎಲ್ಲ ಒಂದೇ ತಪ್ಪು ಎಂದರು. ಅವರ ಅಂಗಡಿಗೆ ನುಗ್ಗಿ, ಮನೆಗೆ ನುಗ್ಗಿ, ಕೊರಳಪಟ್ಟಿ ಹಿಡಿದು ಹೇಳಬೇಕು ಎನಿಸುತ್ತಿತ್ತು. ಆಣೆ ಇತ್ತು. ಉಗುಳು ನುಂಗಿಕೊಂಡು ಇದ್ದೆ.

ಅಕ್ಕ ಗಿಟಾರನ್ನು ಮಂಚದ ಕೆಳಗೆ ತಳ್ಳಿದಳು. ಇನ್ನೊಂದು ಹಾಡು ಬರಿ ಎಂದರೆ ಬರೆಯಲಿಲ್ಲ. ಹೊಸನಗರದ ನರ್ಸರಿ ಶಾಲೆಯಲ್ಲಿ ಟೀಚರಾಗಿ ಸೇರಿಕೊಂಡಳು, ಭಾನುವಾರ ಮನೆಗೆ ಬರುವಳು. ನಾನು ಕೆಲಸಕ್ಕೆಂದು ತೀರ್ಥಹಳ್ಳಿ ಸೇರಿದೆ. ಊರಿಗೆ ಹೋದಾಗಲೆಲ್ಲ ಕೇಳುತ್ತಿದ್ದೆ, ಅಪ್ಪಯ್ಯನಿಗೆ ಹೇಳಿಬಿಡು, ಅವರು ಸಣ್ಣ ಮಗುವಲ್ಲ ಎಂದು. ಅವರು ಇಡೀ ಜನ್ಮ ಶ್ರುತಿ ಕಾಯ್ದವರು, ನಮ್ಮ ಶ್ರುತಿ ಕೆಡಿಸಿದ್ದು ತಾವೇ ಎಂದು ತಿಳಿದರೆ ಆಮೇಲೆ ಪೆಟ್ಟಿಗೆ ಮುಟ್ಟುವುದಿಲ್ಲ ಎನ್ನುವಳು. ಅವರು ಪೆಟ್ಟಿಗೆ ಮುಟ್ಟಲಿ ಎಂದು ನೀನು ಗಿಟಾರು ಬಿಟ್ಟೆಯಾ ಎಂದು ಒಮ್ಮೆ ರೇಗಿದೆ. ಅವಳು ಎದ್ದು ಒಳಗೆ ಹೋಗಿ ಚಾ ಮಾಡಿಕೊಂಡು ಬಂದಳು. ಮುಂದೊಂದು ದಿನ ಅವಳಿಗೆ ಜ್ವರ ಬಂತು, ವಾರದಲ್ಲಿ ಹೆಚ್ಚಾಯಿತು, ದೊಡ್ಡಾಸ್ಪತ್ರೆಗೆ ಒಯ್ಯುವ ದಾರಿಯಲ್ಲೇ… ನನಗೆ ಫೋನು ಬಂದಾಗ ಅವಳ ಜೊತೆ ಮಾಡಬೇಕೆಂದಿದ್ದ ಜಗಳ ಪೂರ್ತಿ ಬಾಯಲ್ಲೇ ಇತ್ತು.

ಹೋದ ಭಾನುವಾರ ನನ್ನನ್ನು ಕರೆದದ್ದು ಅವಳ ತಮ್ಮ. ಸಾಗರದಲ್ಲೇ ಮದುವೆ ವೀಡಿಯೊ ಮಾಡುವ ಕೆಲಸ ಅವನದ್ದು. ಅಪ್ಪಯ್ಯ ಅವನ ಸಂಸಾರದ ಜೊತೆ ಅದೇ ಎದುರುಮನೆಯಲ್ಲಿದ್ದಾರೆ, ಗಟ್ಟಿಯಾಗಿದ್ದಾರೆ, ಶನಿವಾರದ ಭಜನೆ ತಪ್ಪಿಸುವುದಿಲ್ಲ. ಅಕ್ಕನ ಮೂರನೇ ವರ್ಷದ ತಿಥಿಯ ಹೊತ್ತಿಗೆ ‘ಕೊನೇ ಸೀಟು’ ಮತ್ತೆ ಹೊರತರುತ್ತೇವೆ, ಬಾ ಎಂದಿದ್ದ. ಖುಷಿಯಲ್ಲಿ ಹೋದೆ.

ಹೋದರೆ ಅಪ್ಪಯ್ಯ ಜಗುಲಿಯಲ್ಲಿ ಪೆಟ್ಟಿಗೆ ಬಿಚ್ಚಿಕೊಂಡು ಕೂತಿದ್ದರು. ಅಕ್ಕನ ತಮ್ಮ ಕಂಪ್ಯೂಟರಿನಲ್ಲಿ ಒಂದು ಹಾಡನ್ನು ‘ಸರಿ’ ಮಾಡಿದ್ದ. ಶ್ರುತಿ ಇಳಿಸಿ ಈಗಿನ ಪೆಟ್ಟಿಗೆಗೆ ಹೊಂದಿಸಿದ್ದ. ನೆಟ್ಟಿನಲ್ಲಿ ಹಳೆಯದನ್ನು ತೆಗೆದು ಈ ಹೊಸದನ್ನೇ ಇಡುವುದಂತೆ. ಎಲ್ಲ ಹಾಡೂ ಒಂದೇ ಥರ ಇರಬಾರದೆಂದು ಕೆಲವಕ್ಕೆ ಕೊಳಲು, ಕೆಲವಕ್ಕೆ ತಬಲ, ಒಂದೊಂದಕ್ಕೆ ಒಂದೊಂದು ಶ್ರುತಿ. ಅದಕ್ಕೆ ಲ್ಯಾಪ್‌ಟಾಪಿನಿಂದ ನಾನು ಇಳಿಸಿಟ್ಟುಕೊಂಡಿದ್ದ, ದನಿ ಬೇರೆ ವಾದ್ಯ ಬೇರೆ ಇರುವ ಬಿಡಿಬಿಡಿ ರೆಕಾರ್ಡಿಂಗ್ ಬೇಕಾಗಿತ್ತು.

ಹಾಡು ಹಾಕಿದ. ಹನ್ನೆರಡು ತಂತಿ ಡಬ್ಬಿಯೊಳಗೆ ಚಿಲ್ಲರೆ ಕುಲುಕಿದ ಹಾಗೆ ಕೇಳಿತು. ಅಕ್ಕನ ದನಿ ನೆಗಡಿಯಾದವರ ದನಿಯಂತಿತ್ತು. ಅಪ್ಪಯ್ಯ ತಿದಿ ಒತ್ತಿ, ಷಡ್ಜ ಹಿಡಿದು, ಹಾಡಿನ ಜೊತೆ ನುಡಿಸಿದರು. ಶ್ರುತಿ ಕೂಡಿತು. ಅವರ ಕಣ್ಣಲ್ಲಿ ನೀರು.

“ನೋಡು ಮಗಾ, ಈಗ ಸರಿ ಆತು,” ಎಂದರು. “ಇನ್ನು ಯಾರೂ ಅವಳಿಗೆ ಶ್ರುತಿ ಇಲ್ಲ ಅನ್ನಾಂಗಿಲ್ಲ.”

ನನ್ನ ಮೈಯೆಲ್ಲ ಉರಿಯಿತು. ಆ ಮಾತನ್ನು ಇಷ್ಟು ವರ್ಷ ಆ ಮನುಷ್ಯ ಎದೆಯಲ್ಲಿಟ್ಟುಕೊಂಡು ಓಡಾಡಿದ್ದರು. ಮಗಳಿಗೆ ಶ್ರುತಿಯಿಲ್ಲ ಎಂದು ಊರು ಹೇಳಿದ್ದನ್ನು ನಂಬಿದ್ದರು, ಯಾಕೆಂದರೆ ಮಗಳೇ ಮೈಕಿನಲ್ಲಿ ಹಾಗೆಂದಿದ್ದಳು. ಅವರನ್ನು ಕಾಪಾಡಲು ಅವಳು ಹೇಳಿದ ಸುಳ್ಳು ಅವರನ್ನೇ ಕೊರೆದಿತ್ತು. ಈಗ ಅವರು ಅವಳನ್ನು ಕಾಪಾಡಲು ಹೊರಟು ಅವಳ ಹಾಡನ್ನೇ ಅಳಿಸುವವರಿದ್ದರು.

ನಾನು ಕೊಡುವುದಿಲ್ಲ ಎಂದೆ. ತಮ್ಮನಿಗೆ ಕೋಪ ಬಂತು. “ಎಂತಕ್ಕೆ ಮಾರಾಯ್ತಿ? ಅವಳ ಹೆಸರು ಉಳ್ಸಾಕೆ ತಾನೆ ಮಾಡ್ತಿರೋದು?” ಎಂದ. ಅವಳು ಹಾಡಿದ್ದೆಲ್ಲ ಸರಿಯೇ ಇದೆ, ಸರಿಮಾಡಲು ಅದರಲ್ಲಿ ಏನೂ ಇಲ್ಲ ಎಂದೆ. ನನ್ನ ದನಿ ಏರಿತ್ತು. ಒಳಗಿನಿಂದ ಅವನ ಹೆಂಡತಿ ಬಂದು ಬಾಗಿಲಲ್ಲಿ ನಿಂತಳು.

“ಹಂಗಾರೆ ಅವತ್ತು ತಪ್ಪಿದ್ದು ಎಂತದು?” ಎಂದು ಅಪ್ಪಯ್ಯ ಕೇಳಿದರು.

ಆಣೆ ನೆನಪಿತ್ತು. ಆದರೆ ಕಣ್ಣು ಎಲ್ಲಿ ನೋಡಬಾರದೋ ಅಲ್ಲಿಗೇ ಹೋಯಿತು. ಅಪ್ಪಯ್ಯ ನನ್ನ ಕಣ್ಣು ಹೋದಲ್ಲಿ ನೋಡಿದರು. ಮನೆಗಳ ಮೇಲಿಂದ ಬೆರಳು ತೆಗೆದರು.

“ಇದಾ?”

ಹೌದು ಎಂದೆ. ಆಮೇಲೆ ಎಲ್ಲ ಹೇಳಿದೆ. ಹೊಸ ಕೆಂಪು ಬಟ್ಟೆ, ಮೊಬೈಲಿನ ಮುಳ್ಳು, ಲ್ಯಾಪ್‌ಟಾಪಿನ ಹೆಂಗಸರು, ಟೆಂಪೋದಲ್ಲಿ ಇಟ್ಟ ಆಣೆ. ಅಪ್ಪಯ್ಯ ಎಲ್ಲೂ ತಡೆಯಲಿಲ್ಲ. ಅವಳಿಗೆ ಗೊತ್ತಿತ್ತಾ ಎಂದಷ್ಟೇ ಕೇಳಿದರು. ಅಲ್ಲೇ, ಸ್ಟೇಜಿನ ಮೇಲೇ ಗೊತ್ತಾಗಿತ್ತು ಎಂದೆ. ಅವರು ಪೆಟ್ಟಿಗೆಯನ್ನು ತುಸು ದೂರ ಸರಿಸಿದರು. ಅಕ್ಕ ಹೆದರಿದ್ದು ಇದಕ್ಕೇ, ಈಗ ಕುಸಿಯುತ್ತಾರೆ, ಇನ್ನು ಮುಟ್ಟುವುದಿಲ್ಲ ಎಂದು ನಾನೂ ಹೆದರಿದೆ.

“ಹಂಗಾರೆ ನನ್ ಮಗಳ ಶ್ರುತಿ ತಪ್ಪಿರ್ಲಿಲ್ಲ,” ಎಂದರು ಅಪ್ಪಯ್ಯ.

ಮಗನ ಕಡೆ ತಿರುಗಿ ಇನ್ನೊಮ್ಮೆ ಅದನ್ನೇ ಹೇಳಿದರು. ಬಾಗಿಲಲ್ಲಿ ನಿಂತ ಸೊಸೆಗೂ ಹೇಳಿದರು. ಅವರ ಮುಖ ನೋಡಿದೆ. ಅಲ್ಲಿ ನೋವು ಇರಲಿಲ್ಲ ಎಂದಲ್ಲ, ಇತ್ತು. ಆದರೆ ಅದರ ಮೇಲೆ ಇನ್ನೇನೋ ಬಂದು ಕೂತಿತ್ತು. ಬಹಳ ದಿನದ ಮೇಲೆ ಬೆನ್ನು ನೆಟ್ಟಗಾದವರ ಹಾಗಿದ್ದರು.

ನನಗೆ ಬಂದ ಸಿಟ್ಟನ್ನು ಹೇಗೆ ಹೇಳಲಿ? ಇಷ್ಟೇ ಇತ್ತು, ಅಕ್ಕಾ. ಇಷ್ಟಕ್ಕೆ ನೀನು ಗಿಟಾರನ್ನು ಮಂಚದ ಕೆಳಗೆ ತಳ್ಳಿದೆ, ಬರೆಯಬೇಕಾಗಿದ್ದ ಹಾಡುಗಳನ್ನು ನುಂಗಿಕೊಂಡೆ. ಕಂಡಕ್ಟರ್ ಜೊತೆ ಆಡಿದ ಜಗಳದ ಅರ್ಧದಷ್ಟು ಧೈರ್ಯವನ್ನು ಅಪ್ಪಯ್ಯನ ಎದುರು ತೋರಿಸಿದ್ದರೆ ಸಾಕಿತ್ತು. ಅವರು ನಿನಗಿಂತ ಗಟ್ಟಿ ಇದ್ದರು. ನಿನ್ನ ಅಪ್ಪನನ್ನು ನೀನು ಅಷ್ಟು ಸಣ್ಣ ಮಾಡಬಾರದಿತ್ತು.

ಹಳೆಯದನ್ನು ಹಾಕು ಎಂದರು ಅಪ್ಪಯ್ಯ. ನನ್ನ ಮೊಬೈಲಿನಲ್ಲಿ ಇತ್ತು, ಹಾಕಿದೆ. ಅವರು ತಿದಿ ಒತ್ತಿ ಆ ಷಡ್ಜ ಹುಡುಕಿದರು. ಒಂದು ಮನೆ ಒತ್ತಿದರು, ಕೆಳಗಾಯಿತು. ಪಕ್ಕದ್ದು ಒತ್ತಿದರು, ಮೇಲಾಯಿತು. ತಮ್ಮ ಅಪ್ಪನ ಕಾಲದ ಶ್ರುತಿ, ಬೇರೆ ಯಾವ ಪೆಟ್ಟಿಗೆಯಲ್ಲೂ ಇರದ ಶ್ರುತಿ, ಎರಡು ಮನೆಗಳ ನಡುವೆ ಎಲ್ಲೋ ಇತ್ತು. ಅಲ್ಲಿ ಬೆರಳಿಡಲು ಜಾಗ ಇರಲಿಲ್ಲ. ತಿದಿಯ ಕೊಂಡಿ ಹಾಕಿ, ಮುಚ್ಚಳ ಮುಚ್ಚಿ, ಆ ಮುಚ್ಚಳದ ಮೇಲೆಯೇ ಮೆಲ್ಲಗೆ ತಾಳ ಹಾಕುತ್ತ ಕೇಳಿದರು. ಅಕ್ಕನ ತಮ್ಮ ಕಂಪ್ಯೂಟರಿನ ಮುಂದಿನಿಂದ ಎದ್ದು ಬಂದು ಮೆಟ್ಟಿಲ ಮೇಲೆ ಕೂತ. ಹನ್ನೆರಡು ತಂತಿ ಕಿಣಿಕಿಣಿ ಎನ್ನುತ್ತ ಓಡಿತು. ಆ ಭಜನೆಯ ಹೆಂಗಸರಲ್ಲೂ ಇಬ್ಬರು ಈಗಿಲ್ಲ. ಅವರ ದನಿಯೂ ಬಂತು, ಅಕ್ಕನ ದನಿಯೊಳಗೆ ಸೇರಿತು.

ಹಾಡು ಮುಗಿಯಿತು. ಇನ್ನೊಂದು ಹಾಕು ಎಂದರು ಅಪ್ಪಯ್ಯ.

ಅದೂ ಇದೇ ಥರ ಇರುತ್ತದೆ ಅಪ್ಪಯ್ಯ, ಒಂಬತ್ತೂ ಇದೇ ಥರ ಎಂದೆ.

“ಇರ್ಲಿ,” ಎಂದರು. “ಹಾಕು.”